ಎರಡು ಮಿಲಿವೋಲ್ಟಿನ ಅಂತರ

ಅಮೆರಿಕದ ಒಹಾಯೊ ರಾಜ್ಯದ ಬೇನ್‌ಬ್ರಿಜ್ ಎಂಬಲ್ಲಿ 2007ರ ಡಿಸೆಂಬರ್ 15ರಂದು ಮನೆಯೊಂದು ಸ್ಫೋಟಿಸಿತು. ಒಳಗಿದ್ದ ಇಬ್ಬರಿಗೆ ಗಾಯವಾಗಲಿಲ್ಲ. ಮನೆ ಮಾತ್ರ ತೀವ್ರವಾಗಿ ಹಾಳಾಯಿತು. ಅಲ್ಲಿಗೆ ಸಮೀಪದಲ್ಲೇ ಹೊಸದಾಗಿ ಕೊರೆದ ಅನಿಲ ಬಾವಿಯೊಂದಿತ್ತು. ಅದರ ಅನಿಲ ಉಕ್ಕಿನ ಕೊಳವೆಯ ಹೊರಮೈ ಹಿಡಿದು ಮೇಲೇರಿ, ಅಂತರ್ಜಲದ ಪದರಗಳಿಗೆ ನುಗ್ಗಿ, ಅಲ್ಲಿಂದ ಮನೆಗಳ ಒಳಗೂ ಬಂದಿತ್ತು. ರಾಜ್ಯ ಸರ್ಕಾರ ಮರುವರ್ಷ ಪ್ರಕಟಿಸಿದ ತನಿಖಾ ವರದಿ ಕಾರಣಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು. ಕೊಳವೆಯ ಸುತ್ತ ಸಾಕಷ್ಟು ಸಿಮೆಂಟ್ ಕೂತಿರಲಿಲ್ಲ. ಆ ಕೊರತೆಯನ್ನು ಸರಿಪಡಿಸದೆ, ಅನಿಲ ಹೊರಬರಲೆಂದು ಬಂಡೆ ಸೀಳುವ ಕೆಲಸ ಮುಂದುವರಿಸಿದರು. ಆಮೇಲೆ ಕೊಳವೆಯ ಹೊರಗಿನ ಸಂದಿಯ ಬಾಯಿ ಮುಚ್ಚಿ ಒಂದು ತಿಂಗಳು ಒತ್ತಡ ಏರಲು ಬಿಟ್ಟರು.

ನೆಲದಡಿಯ ಸಿಮೆಂಟ್ ಕೂತಿದೆಯೋ ಇಲ್ಲವೋ ಎಂದು ಹೇಳಬೇಕಾದ ಉಪಕರಣದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಉಪಕರಣವನ್ನು ನಂಬುವ ಮೊದಲು ಮಾಡಬೇಕಾದ ಕ್ಯಾಲಿಬ್ರೇಶನ್ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದು ಯಾರ ಕಣ್ಣಿಗೂ ಬೀಳದ ಕೆಲಸ. ಬಾವಿಯ ಸುತ್ತಲಿನ ಜನ ಕುಡಿಯುವ ನೀರಿನ ಶುದ್ಧಿ ಒಮ್ಮೊಮ್ಮೆ ಅದರ ಮೇಲೆಯೇ ನಿಂತಿರುತ್ತದೆ.

ಬೋರ್‌ವೆಲ್ ಕೊರೆಸಿದವರಿಗೆಲ್ಲ ಕೇಸಿಂಗ್ ಪೈಪ್ ಗೊತ್ತು. ನಮ್ಮ ಬಯಲುಸೀಮೆಯ ಗಟ್ಟಿ ಕಲ್ಲಿನ ನೆಲದಲ್ಲಿ ಮೇಲಿನ ಸಡಿಲ ಮಣ್ಣು ಕುಸಿಯದಂತೆ ಒಂದಷ್ಟು ಅಡಿ ಇಳಿಸಿದರೆ ಅದರ ಕೆಲಸ ಮುಗಿಯುತ್ತದೆ. ತೈಲ ಮತ್ತು ಅನಿಲದ ಬಾವಿಗಳ ಕಥೆ ಬೇರೆ. ಅವು ಒಂದರ ಮೇಲೊಂದು ಕೂತ ಮರಳುಗಲ್ಲು, ಜೇಡಿಪದರ, ಸುಣ್ಣಕಲ್ಲುಗಳನ್ನು ತೂರಿಕೊಂಡು ಕಿಲೋಮೀಟರುಗಟ್ಟಲೆ ಇಳಿಯುತ್ತವೆ. ಒಂದು ಪದರದಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು, ಮತ್ತೊಂದರಲ್ಲಿ ಭಾರೀ ಒತ್ತಡದ ಅನಿಲ ಇರಬಹುದು. ಲಕ್ಷಾಂತರ ವರ್ಷ ಪ್ರತ್ಯೇಕವಾಗಿದ್ದ ಇವನ್ನೆಲ್ಲ ನಾವು ಕೊರೆದ ತೂತು ಒಂದೇ ದಾರಿಯಲ್ಲಿ ಜೋಡಿಸಿಬಿಡುತ್ತದೆ. ಆದ್ದರಿಂದ ಕೇಸಿಂಗ್ ಇಳಿಸಿದ ಮೇಲೆ, ತೆಳ್ಳಗೆ ಕಲಸಿದ ಸಿಮೆಂಟನ್ನು ಅದರ ಒಳಗಿನಿಂದ ಪಂಪ್ ಮಾಡುತ್ತಾರೆ. ಅದು ತಳ ಮುಟ್ಟಿ, ಕೊಳವೆಗೂ ಬಂಡೆಗೂ ನಡುವಿನ ಒಂದೆರಡು ಇಂಚಿನ ಸಂದಿಯಲ್ಲಿ ಮೇಲಕ್ಕೇರಿ, ಅಲ್ಲೇ ಗಟ್ಟಿಯಾಗಬೇಕು. ಆ ಸಂದಿ ಪೂರ್ತಿ ತುಂಬಿದರೆ ಪದರಗಳು ಮತ್ತೆ ಬೇರೆಬೇರೆ. ಕೊರೆಯುವಾಗ ಬಾವಿಯಲ್ಲಿ ತುಂಬಿದ್ದ ಕೆಸರು ಎಲ್ಲೋ ಉಳಿದುಕೊಂಡರೆ, ಕೊಳವೆ ಬಾವಿಯ ಒಂದು ಬದಿಗೆ ಒರಗಿ ಆ ಕಡೆ ಸಿಮೆಂಟ್ ಹೋಗದಿದ್ದರೆ, ಅನಿಲಕ್ಕೆ ದಾರಿ ಸಿಕ್ಕಿತು.

ಅದನ್ನು ತಿಳಿಯುವುದು ಹೇಗೆ? ಹಿಂದೆ ಥರ್ಮಾಮೀಟರ್ ಇಳಿಸುತ್ತಿದ್ದರು. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುವುದರಿಂದ ಅದು ಎಲ್ಲಿಯವರೆಗೆ ಏರಿದೆ ಎಂಬುದು ಗೊತ್ತಾಗುತ್ತಿತ್ತು. ಕೊಳವೆಯನ್ನು ಅಪ್ಪಿ ಹಿಡಿದಿದೆಯೇ ಎಂಬುದು ಗೊತ್ತಾಗುತ್ತಿರಲಿಲ್ಲ. 1961ರಲ್ಲಿ ಗ್ರೊಮಾಂಜಾ, ಕೊಕೆಶ್, ಮಜಾನಿ ಎಂಬ ಮೂವರು ಸದ್ದಿನಿಂದ ಸಿಮೆಂಟನ್ನು ಪರೀಕ್ಷಿಸುವ ವಿಧಾನದ ಬಗ್ಗೆ ಬರೆದರು. ಸಿಮೆಂಟ್ ಬಾಂಡ್ ಲಾಗ್ ಎಂಬ ಹೆಸರಿನಲ್ಲಿ ಆ ವಿಧಾನ ಇಂದಿಗೂ ನಡೆದುಬಂದಿದೆ.

ಜಾಗಟೆಯನ್ನು ಹಗ್ಗದಲ್ಲಿ ತೂಗುಹಾಕಿ ಬಡಿದರೆ ದೀರ್ಘವಾಗಿ ಮೊಳಗುತ್ತದೆ. ಬಡಿದ ಕ್ಷಣದಲ್ಲೇ ಅಂಗೈ ಒತ್ತಿದರೆ ಸದ್ದು ಅಡಗುತ್ತದೆ. ಬಾವಿಯ ಕೊಳವೆಯೂ ಹಾಗೆಯೇ. ಹೊರಗೆ ಬರೀ ನೀರಿದ್ದರೆ ಕಂಪನ ಉಕ್ಕಿನಲ್ಲೇ ಓಡುತ್ತದೆ. ಗಟ್ಟಿ ಸಿಮೆಂಟ್ ಅಂಟಿಕೊಂಡಿದ್ದರೆ ಕಂಪನ ಅದರೊಳಕ್ಕೆ ಸೋರಿ ಕುಗ್ಗುತ್ತದೆ. ಕೇಬಲ್ಲಿನ ತುದಿಯಲ್ಲಿ ಇಳಿಯುವ ಉಪಕರಣದಲ್ಲಿ ಒಂದು ಟ್ರಾನ್ಸ್‌ಮಿಟರ್ ಇರುತ್ತದೆ. ಅದು ಸುಮಾರು 20 ಕಿಲೋಹರ್ಟ್ಸ್‌ನ, ಅಂದರೆ ನಮ್ಮ ಕಿವಿಗೆ ಕೇಳಿಸುವ ಗಡಿಯ ಆಸುಪಾಸಿನ ಸದ್ದು ಹೊರಡಿಸುತ್ತದೆ. 3 ಅಡಿ ದೂರದಲ್ಲಿ ಒಂದು ರಿಸೀವರ್, 5 ಅಡಿ ದೂರದಲ್ಲಿ ಇನ್ನೊಂದು. ಉಕ್ಕಿನಲ್ಲಿ ಸದ್ದು ಅಡಿಯೊಂದಕ್ಕೆ 57 ಮೈಕ್ರೋಸೆಕೆಂಡಿನಂತೆ ಓಡುತ್ತದೆ. ಬಾವಿಯೊಳಗಿನ ನೀರಿನಲ್ಲಿ ಅದಕ್ಕಿಂತ ಮೂರೂವರೆ ಪಟ್ಟು ನಿಧಾನ. ಹಾಗಾಗಿ ಕೊಳವೆಯ ಗುಂಟ ಬಂದ ಅಲೆ ಸಾಮಾನ್ಯವಾಗಿ ಮೊದಲು ಮುಟ್ಟುತ್ತದೆ. ಅದರ ಮೊದಲ ಏರು ಎಷ್ಟು ಎತ್ತರವಿದೆ ಎಂಬುದನ್ನು 3 ಅಡಿಯ ರಿಸೀವರ್ ಮಿಲಿವೋಲ್ಟಿನಲ್ಲಿ ಅಳೆಯುತ್ತದೆ. ಆ ಒಂದು ಸಂಖ್ಯೆಯೇ ಸಿಮೆಂಟಿನ ತೀರ್ಪಿಗೆ ಮುಖ್ಯ ಆಧಾರ. 5 ಅಡಿಯ ರಿಸೀವರ್ ಪೂರ್ತಿ ಅಲೆಯನ್ನು ಕಪ್ಪು-ಬಿಳಿ ಪಟ್ಟೆಗಳಾಗಿ ಬರೆದುಕೊಡುತ್ತದೆ.

ಆದರೆ ಸದ್ದು ಹೊರಡಿಸುವುದೂ ಕೇಳುವುದೂ ಪಿಂಗಾಣಿಯಂಥ ಪೀಜೋ ಹರಳುಗಳು. ಎರಡು ಹರಳು ಒಂದೇ ತೆರನಾಗಿರುವುದಿಲ್ಲ. ಬಳಸುತ್ತಾ ಹೋದಂತೆ, ಬಿಸಿಯಾದಂತೆ ಅವುಗಳ ಬಲ ಬದಲಾಗುತ್ತದೆ. ಇಂದು 60 ಎಂದು ತೋರಿಸಿದ ಉಪಕರಣ ಆರು ತಿಂಗಳ ಬಳಿಕ ಅದೇ ಕೊಳವೆಯಲ್ಲಿ 50 ತೋರಿಸಬಹುದು. ಆದ್ದರಿಂದ ಉಪಕರಣದ ಓದನ್ನು ಎಲ್ಲರೂ ಒಪ್ಪಿದ ಒಂದು ಅಳತೆಗೆ ಕಟ್ಟಿಹಾಕಬೇಕು. ಕ್ಯಾಲಿಬ್ರೇಶನ್ ಎಂದರೆ ಇದೇ. ಹೊರಗೆ ಸಿಮೆಂಟೇ ಇಲ್ಲದ, ನೀರು ತುಂಬಿದ ಕೊಳವೆಯಲ್ಲಿ ಎಷ್ಟು ಮಿಲಿವೋಲ್ಟ್ ಬರಬೇಕು ಎಂಬುದಕ್ಕೆ ಈ ಉದ್ಯಮದಲ್ಲಿ ಕೋಷ್ಟಕಗಳಿವೆ. ಐದೂವರೆ ಇಂಚಿನ ಕೇಸಿಂಗಿಗೆ ಸುಮಾರು 72, ಏಳು ಇಂಚಿನದಕ್ಕೆ ಸುಮಾರು 62, ಒಂಬತ್ತೂ ಐದೆಂಟಾಂಶ ಇಂಚಿನದಕ್ಕೆ ಸುಮಾರು 52.

ಕಾರ್ಯಾಗಾರದಲ್ಲಿ ಮೊದಲ ಹಂತ. ಉದ್ದನೆಯ ಉಕ್ಕಿನ ಕೊಳವೆಯೊಳಗೆ ಉಪಕರಣವನ್ನು ಸರಿಯಾಗಿ ನಟ್ಟನಡುವೆ ಕೂರಿಸಿ, ನೀರು ತುಂಬಿ, ಒತ್ತಡ ಕೊಡುತ್ತಾರೆ. ಒತ್ತಡ ಯಾಕೆಂದರೆ ನೀರಿನೊಳಗಿನ ಗಾಳಿಗುಳ್ಳೆಗಳು ಸದ್ದನ್ನು ನುಂಗಿಬಿಡುತ್ತವೆ. ಹರಳಿನ ಮೇಲೆ ನಾಲ್ಕು ಗುಳ್ಳೆ ಅಂಟಿಕೊಂಡಿದ್ದರೂ ಓದು ಕೆಡುತ್ತದೆ. ಬಳಿಕ ಟ್ರಾನ್ಸ್‌ಮಿಟರ್ ಸುಮ್ಮನಿರುವಾಗ ರಿಸೀವರ್ ಎಷ್ಟು ತೋರಿಸುತ್ತದೆ ಎಂದು ನೋಡಿ ಅದನ್ನು ಸೊನ್ನೆ ಎಂದು ಗುರುತಿಸುತ್ತಾರೆ. ಟ್ರಾನ್ಸ್‌ಮಿಟರ್ ಬಡಿದಾಗ ಬಂದ ಎತ್ತರವನ್ನು ಕೋಷ್ಟಕದ ಸಂಖ್ಯೆಗೆ ಹೊಂದಿಸುತ್ತಾರೆ. ಕೆಳಗೊಂದು ಬಿಂದು, ಮೇಲೊಂದು ಬಿಂದು. ನಡುವೆ ಗೆರೆ ಎಳೆದಂತಾಯಿತು.

ಹೆಚ್ಚಿನವರ ಗಮನವೆಲ್ಲ ಮೇಲಿನ ಬಿಂದುವಿನ ಮೇಲೆ. 62 ಬಂತೇ ಎಂದು ನೋಡಿ ಸಮಾಧಾನಪಡುತ್ತಾರೆ. ನನ್ನ ತಕರಾರು ಇಲ್ಲೇ. ಬಾವಿಯ ನಿಜವಾದ ಹಣೆಬರಹ ನಿರ್ಧಾರವಾಗುವುದು ಕೆಳಗಿನ ಬಿಂದುವಿನಲ್ಲಿ.

ಯಾಕೆಂದು ಏಳು ಇಂಚಿನ ಕೊಳವೆಯ ಲೆಕ್ಕ ಹಾಕಿಯೇ ನೋಡೋಣ. ಸಿಮೆಂಟ್ ಇಲ್ಲದ ಕಡೆ 62 ಮಿಲಿವೋಲ್ಟ್ ಇರಲಿ, ಆ ಬಾವಿಯ ಅತ್ಯುತ್ತಮ ಸಿಮೆಂಟ್ ಇರುವ ಕಡೆ 2 ಮಿಲಿವೋಲ್ಟ್ ಇರಲಿ. ಹಾಗಾದರೆ ಅರ್ಧ ಸಿಮೆಂಟ್ ಎಂದರೆ ಇವೆರಡರ ನಡುವಿನ 32 ಎಂದುಕೊಳ್ಳುವುದು ಸಹಜ. ಅದು ತಪ್ಪು. ಸದ್ದು ಕುಗ್ಗುವುದು ಗುಣಾಕಾರದಲ್ಲಿ, ಕೂಡು-ಕಳೆಯುವ ಲೆಕ್ಕದಲ್ಲಲ್ಲ. ಆದ್ದರಿಂದ ಲಾಗರಿದಮ್ ಹಿಡಿದು ಲೆಕ್ಕ ಮಾಡಬೇಕು. ಆಗ ಶೇಕಡಾ 50ರ ಹಿಡಿತಕ್ಕೆ ಸಿಗುವುದು 11 ಮಿಲಿವೋಲ್ಟ್. ಶೇಕಡಾ 80ಕ್ಕೆ 4 ಮಿಲಿವೋಲ್ಟ್. ಶೇಕಡಾ 80 ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗೆರೆ. ಏಳು ಇಂಚಿನ ಕೊಳವೆಯಲ್ಲಿ ಅಷ್ಟು ಹಿಡಿತ ಬಿಡದೆ ಹತ್ತು ಹನ್ನೊಂದು ಅಡಿ ಇದ್ದರೆ ಆ ಭಾಗ ಪದರಗಳನ್ನು ಬೇರ್ಪಡಿಸುತ್ತದೆ ಎಂದು ಎಣಿಸುತ್ತಾರೆ.

ಅಂದರೆ ಅತ್ಯುತ್ತಮ ಸಿಮೆಂಟಿಗೂ ಹೇಗೋ ಪಾಸಾಗುವ ಸಿಮೆಂಟಿಗೂ ಇರುವ ವ್ಯತ್ಯಾಸ ಎರಡೇ ಎರಡು ಮಿಲಿವೋಲ್ಟ್! ಈಗ ಸೊನ್ನೆಯೇ ಎರಡು ಮಿಲಿವೋಲ್ಟ್ ತಪ್ಪಾಗಿದೆ ಎಂದಿಟ್ಟುಕೊಳ್ಳಿ. ಎಲ್ಲ ಓದುಗಳೂ ಎರಡೆರಡು ಕಡಿಮೆ ಬರುತ್ತವೆ. 62ರ ಜಾಗದಲ್ಲಿ 60 ಕಂಡರೆ ಯಾರೂ ಗಮನಿಸುವುದಿಲ್ಲ. ನಿಜವಾಗಿ 6 ಮಿಲಿವೋಲ್ಟ್ ಇರುವ ಜಾಗ, ಅಂದರೆ ಶೇಕಡಾ 68ರ ಹಿಡಿತ ಮಾತ್ರ ಇರುವ ಜಾಗ, 4 ಎಂದು ತೋರಿ ಪಾಸಾಗಿಬಿಡುತ್ತದೆ. 4 ಇದ್ದದ್ದು 2 ಆಗಿ, ಬಾವಿಯಲ್ಲೇ ಅತ್ಯುತ್ತಮ ಸಿಮೆಂಟ್ ಅನ್ನಿಸಿಕೊಳ್ಳುತ್ತದೆ. ಇನ್ನೊಂದು ತರದ ತಪ್ಪನ್ನು ಇದರ ಪಕ್ಕ ಇಟ್ಟು ನೋಡಿ. ಸೊನ್ನೆ ಸರಿಯಿದ್ದು ಮೇಲಿನ ಬಿಂದು ಶೇಕಡಾ 20ರಷ್ಟು ಹೆಚ್ಚಾಗಿದೆ ಎನ್ನೋಣ. 2 ಇದ್ದದ್ದು 2.4 ಆಗುತ್ತದೆ, ಹಿಡಿತ ಶೇಕಡಾ 100ರ ಬದಲು 95 ಎಂದು ಕಾಣುತ್ತದೆ. ಅಲ್ಲಿನ ತೀರ್ಪು ಬದಲಾಗುವುದಿಲ್ಲ. ಗೆರೆಯ ಅಂಚಿನಲ್ಲಿದ್ದ ಸಿಮೆಂಟ್ ಫೇಲಾಗಬಹುದು, ಆದರೆ ಕೆಟ್ಟದ್ದು ಪಾಸಾಗುವುದಿಲ್ಲ. ಕಣ್ಣಿಗೆ ರಾಚುವ ಆ ದೊಡ್ಡ ತಪ್ಪಿಗಿಂತ ಕಣ್ಣಿಗೇ ಬೀಳದ ಈ ಸಣ್ಣ ತಪ್ಪು ಎಷ್ಟು ಅಪಾಯಕಾರಿ!

ಕಾರ್ಯಾಗಾರದ ಕೆಲಸ ಮುಗಿದರೂ ಬಾವಿಯಲ್ಲಿ ಇನ್ನೊಮ್ಮೆ ಪರೀಕ್ಷೆ ಇದೆ. ಸಿಮೆಂಟ್ ಏರಿರುವ ಮಟ್ಟಕ್ಕಿಂತ ಮೇಲೆ, ಬರಿಯ ಕೊಳವೆ ಇರುವಲ್ಲಿ ಉಪಕರಣ ನಿಲ್ಲಿಸಿ ಓದನ್ನು ಕೋಷ್ಟಕದೊಂದಿಗೆ ತಾಳೆ ನೋಡುತ್ತಾರೆ. ಬಾವಿಯೊಳಗಿನ ದ್ರವ ನೀರಿಗಿಂತ ಭಾರವಾಗಿದ್ದರೆ ಅದಕ್ಕೆ ತಕ್ಕ ತಿದ್ದುಪಡಿಯೂ ಬೇಕು. ಕೇಳಲು ಸುಲಭ. ಆದರೆ ಕೊಳವೆಗಳ ಜೋಡಣೆ ಸುಮಾರು 12 ಮೀಟರಿಗೊಂದು ಬರುತ್ತದೆ. ಜೋಡಣೆಯ ಎದುರು ನಿಂತರೆ ಓದು ತಗ್ಗುತ್ತದೆ, ಆದ್ದರಿಂದ ಎರಡು ಜೋಡಣೆಗಳ ನಡುವೆ ನಿಲ್ಲಬೇಕು. ಇನ್ನು, ಬರಿಯದು ಎಂದುಕೊಂಡ ಕೊಳವೆ ನಿಜಕ್ಕೂ ಬರಿಯದೇ? ಹಳೆಯ ಬಾವಿಯಲ್ಲಿ ಕೆಸರಿನ ಭಾರದ ಪುಡಿಯೆಲ್ಲ ಹೊರಗೆ ತಳಕಟ್ಟಿ ಕೊಳವೆಯನ್ನು ಹಿಡಿದಿರಬಹುದು. ಆಗ 62 ಬರುವುದಿಲ್ಲ, 45 ಬರಬಹುದು. ಉಪಕರಣದ್ದೇ ತಪ್ಪೆಂದು ಅದನ್ನು 62ಕ್ಕೆ ಎಳೆದರೆ ಕೆಳಗೆ ಗೆರೆಯ ಅಂಚಿನಲ್ಲಿ ಪಾಸಾಗಬೇಕಿದ್ದ ಸಿಮೆಂಟ್ ಕೆಟ್ಟದಾಗಿ ಕಾಣುತ್ತದೆ. ಅದನ್ನು ನಂಬಿ ಗಟ್ಟಿ ಕೊಳವೆಗೆ ತೂತು ಹೊಡೆದು ಒತ್ತಡದಲ್ಲಿ ಮತ್ತೆ ಸಿಮೆಂಟ್ ತುಂಬಲು ಹೊರಟರೆ, ಚೆನ್ನಾಗಿದ್ದ ಬಾವಿಯನ್ನು ನಾವೇ ಕೆಡಿಸಿದಂತೆ.

ಎಲ್ಲಕ್ಕಿಂತ ದೊಡ್ಡ ಕಾಟ ಉಪಕರಣ ನಡುವಿನಿಂದ ಸರಿಯುವುದು. ರಿಸೀವರ್ ಸುತ್ತಲಿಂದ ಬಂದ ಸದ್ದನ್ನೆಲ್ಲ ಕೂಡಿಸಿ ಅಳೆಯುತ್ತದೆ. ಉಪಕರಣ ಒಂದು ಬದಿಗೆ ವಾಲಿದರೆ ಹತ್ತಿರದ ಗೋಡೆಯ ಅಲೆ ಬೇಗ ಬರುತ್ತದೆ, ದೂರದ್ದು ತಡವಾಗಿ ಬರುತ್ತದೆ, ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಎರಡೂ ಮಂಕಾಗುತ್ತವೆ. ಕಾಲಿಂಚು ಸರಿದರೂ ಓದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಸಿಮೆಂಟ್ ಇಲ್ಲದಿದ್ದರೂ ಇದೆಯೆಂಬ ಭ್ರಮೆ ಹುಟ್ಟುವುದು ಹೀಗೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಸುತ್ತ ಕಟ್ಟಿ ಉಪಕರಣವನ್ನು ನಡುವೆ ಹಿಡಿದಿಡುತ್ತಾರೆ, ಆದರೆ ಓರೆಯಾಗಿ ಕೊರೆದ ಬಾವಿಯಲ್ಲಿ ಉಪಕರಣದ ತೂಕವೇ ಆ ಪಟ್ಟಿಗಳನ್ನು ಅದುಮುತ್ತದೆ. ಅದೃಷ್ಟಕ್ಕೆ ಈ ತಪ್ಪನ್ನು ಹಿಡಿದುಕೊಡುವ ಸಾಕ್ಷಿ ಲಾಗ್‌ನಲ್ಲೇ ಇದೆ. ಹತ್ತಿರದ ಗೋಡೆಯ ಅಲೆ ಬೇಗ ಬರುವುದರಿಂದ, ಮೊದಲ ಸದ್ದು ಮುಟ್ಟುವ ಸಮಯ ಕಡಿಮೆಯಾಗುತ್ತದೆ. ಆ ಸಮಯ ನಾಲ್ಕೈದು ಮೈಕ್ರೋಸೆಕೆಂಡಿಗಿಂತ ಹೆಚ್ಚು ಇಳಿದಿದ್ದರೆ ಅಲ್ಲಿನ ಮಿಲಿವೋಲ್ಟನ್ನು ನಂಬಬಾರದು.

ಕ್ಯಾಲಿಬ್ರೇಶನ್ ಎಷ್ಟೇ ನಿಖರವಾಗಿದ್ದರೂ ಬಗೆಹರಿಯದ ಸಂಗತಿಗಳೂ ಇವೆ. ಒಳಗೆ ಒತ್ತಡ ಇದ್ದಾಗ ಸಿಮೆಂಟ್ ಗಟ್ಟಿಯಾಗಿ, ಆಮೇಲೆ ಒತ್ತಡ ಇಳಿದರೆ ಕೊಳವೆ ಕೂದಲೆಳೆಯಷ್ಟು ಕುಗ್ಗಿ ಸಿಮೆಂಟಿನಿಂದ ಬಿಡಿಸಿಕೊಳ್ಳುತ್ತದೆ. ಲಾಗ್ ಅಲ್ಲಿ ಸಿಮೆಂಟೇ ಇಲ್ಲವೆಂಬಂತೆ ತೋರಿಸುತ್ತದೆ. ಕೊಳವೆಯೊಳಗೆ ಒತ್ತಡ ಏರಿಸಿ ಇನ್ನೊಮ್ಮೆ ಅಳೆದರೆ ನಿಜ ಬಯಲಾಗುತ್ತದೆ.

ಮಿಲಿವೋಲ್ಟಿನ ಈ ತೊಂದರೆಗಳಿಗೆ ಎಂಜಿನಿಯರುಗಳು ಬೇರೆ ದಾರಿಗಳನ್ನೂ ಹುಡುಕಿದ್ದಾರೆ. 1980ರ ದಶಕದಲ್ಲಿ ಎರಡು ಟ್ರಾನ್ಸ್‌ಮಿಟರ್ ಇಟ್ಟು ಓದುಗಳ ಅನುಪಾತ ತೆಗೆಯುವ ಉಪಕರಣ ಬಂತು. ಅನುಪಾತದಲ್ಲಿ ಹರಳುಗಳ ಏರುಪೇರು ತಾನಾಗಿ ಹೊಡೆದುಹೋಗುತ್ತದೆ. ಆಮೇಲೆ ಬಂದದ್ದು ಅಲ್ಟ್ರಾಸಾನಿಕ್ ಉಪಕರಣ. ಇದರ ತಲೆ ಗಿರಗಿರನೆ ತಿರುಗುತ್ತಾ, ಕೊಳವೆಯ ಸುತ್ತಳತೆಯ ಒಂದೊಂದು ಕಡೆಗೂ ನೂರಾರು ಕಿಲೋಹರ್ಟ್ಸ್‌ನ ಮಿಡಿತ ಕಳಿಸಿ, ಹೊರಗಿರುವುದು ಅನಿಲವೋ ನೀರೋ ಸಿಮೆಂಟೋ ಎಂದು ನಕ್ಷೆ ಬರೆಯುತ್ತದೆ. ಸದ್ದಿಗೆ ಒಡ್ಡುವ ತಡೆಯ ಅಳತೆಯಲ್ಲಿ ನೀರಿನದು 1.5 ಆದರೆ ಒಳ್ಳೆಯ ಸಿಮೆಂಟಿನದು 6ರ ಆಸುಪಾಸು, ಅನಿಲದ್ದು ಹೆಚ್ಚುಕಡಿಮೆ ಸೊನ್ನೆ. ಕ್ಯಾಲಿಬ್ರೇಶನ್ ಇಲ್ಲೂ ತಪ್ಪಿದ್ದಲ್ಲ. ಇಳಿಯುವ ದಾರಿಯಲ್ಲೇ ಉಪಕರಣ ತನ್ನೊಳಗಿನ ಉಕ್ಕಿನ ತಗಡಿನ ಕಡೆ ಮುಖಮಾಡಿ, ಬಾವಿಯ ದ್ರವದ ಗುಣವನ್ನು ಮೊದಲು ಅಳೆದುಕೊಳ್ಳುತ್ತದೆ. ಅಲ್ಲಿ ಆದ ತಪ್ಪು ಸಿಮೆಂಟಿನ ನಕ್ಷೆಯಲ್ಲಿ ಇನ್ನಷ್ಟು ಹಿಗ್ಗಿ ಕಾಣಿಸಿಕೊಳ್ಳುತ್ತದೆ.

ಇಷ್ಟೆಲ್ಲ ವಿದ್ಯೆ ಇದ್ದೂ ಬಳಸದೇ ಹೋದ ಉದಾಹರಣೆ ಜಗತ್ತಿಗೇ ಗೊತ್ತು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ವೇದಿಕೆಯ ಮೇಲೆ ಸಿಮೆಂಟ್ ಲಾಗ್ ಮಾಡುವ ತಂಡ ಸಿದ್ಧವಾಗಿ ನಿಂತಿತ್ತು. ಸಿಮೆಂಟ್ ಕೆಲಸ ಚೆನ್ನಾಗಿ ಆಗಿದೆ, ಲಾಗ್ ಬೇಡ ಎಂದು ಬೆಳಗ್ಗೆ ಅವರನ್ನು ವಾಪಸು ಕಳಿಸಿದರು. ಅಂದೇ ರಾತ್ರಿ ಬಾವಿ ಸಿಡಿದು 11 ಮಂದಿ ಸತ್ತರು. ಲಾಗ್ ಮಾಡಿದ್ದರೆ ದುರಂತ ತಪ್ಪುತ್ತಿತ್ತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಕೇಳಿ ನೋಡುವ ಅವಕಾಶವನ್ನಂತೂ ಅವರು ಕೈಬಿಟ್ಟಿದ್ದರು.

ಮಾಡಿದ ಲಾಗ್ ಕೂಡ ಕ್ಯಾಲಿಬ್ರೇಶನ್ ದಾಖಲೆಯಿಲ್ಲದಿದ್ದರೆ ಹೆಚ್ಚೇನೂ ಹೇಳುವುದಿಲ್ಲ. ಉಪಕರಣ ಇಳಿಸುವ ಮೊದಲು ಮತ್ತು ಮೇಲೆ ತಂದ ಮೇಲೆ ಮಾಡಿದ ಪರೀಕ್ಷೆಯ ಸಂಖ್ಯೆಗಳು, ಒಂದಷ್ಟು ದೂರವನ್ನು ಎರಡನೇ ಸಲ ಅಳೆದ ಪಟ್ಟಿ, ಇವನ್ನೆಲ್ಲ ಲಾಗ್‌ನ ಜೊತೆಗೇ ಮುದ್ರಿಸುವ ಪದ್ಧತಿ ಇದೆ. ನಮ್ಮ ದೇಶದಲ್ಲೂ ಅಸ್ಸಾಮಿನ ಚಹಾ ತೋಟಗಳ ನಡುವೆ, ಗೋದಾವರಿ ಮುಖಜಭೂಮಿಯ ಗದ್ದೆಗಳ ನಡುವೆ, ಜನರ ಕುಡಿಯುವ ನೀರಿನ ಪದರಗಳನ್ನು ತೂರಿಕೊಂಡೇ ಬಾವಿಗಳು ಇಳಿದಿವೆ. ಅಂಥ ಬಾವಿಗಳ ಕಡತಕ್ಕೆ ಸಹಿ ಹಾಕುವ ಅಧಿಕಾರಿಗಳಲ್ಲಿ ಒಂದೇ ಕೋರಿಕೆ: ಸಿಮೆಂಟಿನ ಗೆರೆ ನೋಡುವ ಮೊದಲು ಕ್ಯಾಲಿಬ್ರೇಶನ್ ಪುಟ ತೆರೆಯಿರಿ, ಅದರಲ್ಲಿ ಸೊನ್ನೆಯ ಓದನ್ನು ಮೊದಲು ನೋಡಿ, ಆ ಪುಟವೇ ಇಲ್ಲದಿದ್ದರೆ ಇನ್ನೊಮ್ಮೆ ಅಳೆಯಲು ಹೇಳಿ.