ವೈದ್ಯರ ಮೊದಲ ಊಹೆಗೆ ಬೆಲೆ ತೆರುವವರು ಯಾರು?

ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಕ್ಯಾಷುವಾಲಿಟಿಗೆ ಒಬ್ಬ ಗಾರೆ ಕೆಲಸದವನನ್ನು ಆಟೊದಲ್ಲಿ ಕರೆತಂದರು. ಮೈಯೆಲ್ಲ ಬೆವರು, ಅರೆಪ್ರಜ್ಞೆ, ಹತ್ತಿರ ಹೋದರೆ ಹೆಂಡದ ವಾಸನೆ. "ಕುಡಿದು ಬಿದ್ದಿದ್ದಾನೆ ಮೇಡಂ, ಬೆಳಗ್ಗೆ ಹೊತ್ತಿಗೆ ಸರಿಹೋಗ್ತಾನೆ" ಎಂದ ಹೌಸ್ ಸರ್ಜನ್. ಅಷ್ಟರಲ್ಲಿ ಸಿಸ್ಟರ್ ಅವನ ಬೆರಳು ಚುಚ್ಚಿ, ಗ್ಲುಕೋಮೀಟರಿನ ಪಟ್ಟಿಗೆ ಒಂದು ಹನಿ ರಕ್ತ ತಾಗಿಸಿದ್ದರು. 34 ಎಂದು ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಸಕ್ಕರೆ ಕಡಿಮೆ ಎನ್ನುತ್ತೇವೆ. 34 ಪ್ರಾಣಕ್ಕೇ ಅಪಾಯ. ಥಯಾಮಿನ್ ಜೊತೆಗೆ ಡೆಕ್ಸ್ಟ್ರೋಸ್ ಕೊಟ್ಟೆವು. ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಟ್ಟು, "ಅಕ್ಕಾ, ನಾನೆಲ್ಲಿದೀನಿ?" ಎಂದು ಸಿಸ್ಟರನ್ನು ಕೇಳಿದ.

ಅವನು ಕುಡಿದಿದ್ದು ನಿಜ. ಊಟವಿಲ್ಲದೆ ಕುಡಿದರೆ ಯಕೃತ್ತು ಹೊಸದಾಗಿ ಸಕ್ಕರೆ ತಯಾರಿಸಲಾರದು, ಹಾಗಾಗಿ ಸಕ್ಕರೆ ಇಳಿದದ್ದೂ ಅಷ್ಟೇ ನಿಜ. ಒಂದು ತಾನಾಗಿ ಮೂಗಿಗೆ ಬಡಿಯಿತು, ಇನ್ನೊಂದನ್ನು ಹುಡುಕಬೇಕಿತ್ತು. ಇಂಥ ವಾಸನೆಯ ಹಿಂದೆ ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸೋರುತ್ತಿರುವುದೂ ಉಂಟು. ಇಸ್ತ್ರಿ ಅಂಗಿ ತೊಟ್ಟವರೊಬ್ಬರನ್ನು ಇದೇ ಸ್ಥಿತಿಯಲ್ಲಿ ಕಾರಿನಿಂದ ಇಳಿಸಿದ್ದರೆ ಬೆಳಗಿನವರೆಗೆ ಕಾಯುವ ಮಾತು ಬರುತ್ತಿತ್ತೇ? ನಮ್ಮ ಹೌಸ್ ಸರ್ಜನ್‌ಗಳಿಗೆ ನಾನು ಕೇಳುವ ಪ್ರಶ್ನೆ ಇದು.

ಮನಸ್ಸು ಅಡ್ಡದಾರಿ ಹಿಡಿಯುವುದು ಸಹಜ. ಏಮಸ್ ಟ್ವರ್ಸ್ಕಿ ಮತ್ತು ಡ್ಯಾನಿಯಲ್ ಕಾಹ್ನೆಮನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಮೊದಲು ಕಿವಿಗೆ ಬಿದ್ದದ್ದಕ್ಕೇ ಅಂಟಿಕೊಳ್ಳುತ್ತೇವೆ. ಈಚೆಗೆ ಕಂಡದ್ದೇ ಈಗಲೂ ಇದೆ ಎಂದುಕೊಳ್ಳುತ್ತೇವೆ. ಕೆನಡಾದ ತುರ್ತುಚಿಕಿತ್ಸಾ ವೈದ್ಯ ಪ್ಯಾಟ್ ಕ್ರಾಸ್ಕೆರಿ ಈ ತಿಳಿವಳಿಕೆಯನ್ನು ರೋಗ ಪತ್ತೆಯ ತಪ್ಪುಗಳಿಗೆ ಅನ್ವಯಿಸಿ ಬರೆದರು. ಬಹುತೇಕ ಎಲ್ಲರೂ ಬದುಕಿನಲ್ಲಿ ಒಮ್ಮೆಯಾದರೂ ಇಂಥ ತಪ್ಪಿಗೆ ಸಿಲುಕುತ್ತಾರೆ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2015ರ ವರದಿ ಆ ದೇಶದ ಬಗ್ಗೆ ಹೇಳಿತು.

ಈ ತಪ್ಪುಗಳು ಎಲ್ಲರ ಪಾಲಿಗೂ ಸಮನಾಗಿ ಬರುವಂತಿದ್ದರೆ ಇದು ಬರೀ ಜಾಣ್ಮೆಯ ಮಾತಾಗುತ್ತಿತ್ತು. ಹಾಗೆ ಬರುವುದಿಲ್ಲ, ಅದಕ್ಕೇ ಇದನ್ನು ನ್ಯಾಯದ ಪ್ರಶ್ನೆ ಎನ್ನುತ್ತೇನೆ.

ನಮ್ಮ ಒಪಿಡಿಯಲ್ಲಿ ದಿನವೂ ಕೇಳುವ ಮಾತೊಂದಿದೆ: "ಇವಳಿಗೆ ಗ್ಯಾಸ್ಟ್ರಿಕ್ಕು ಡಾಕ್ಟ್ರೇ." ಹೇಳುವವರು ಗಂಡ ಅಥವಾ ಮಗ. ಎದೆ ಉರಿ, ಬೆನ್ನು ಸೆಳೆತ, ವಾಕರಿಕೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಎಂದು ಆಕೆಯೇ ಬಾಯಿ ಬಿಡುವ ಹೊತ್ತಿಗೆ ಚೀಟಿಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಬರೆದಾಗಿರುತ್ತದೆ. ಹೃದಯಾಘಾತದಲ್ಲಿ ಹೆಂಗಸರಿಗೂ ಹೆಚ್ಚಾಗಿ ಬರುವುದು ಎದೆನೋವೇ. ಅದರ ಜೊತೆಗೆ ದವಡೆ ನೋವು, ವಾಂತಿ, ಸುಸ್ತು ಸೇರಿಕೊಂಡರೆ ಕೇಳುವವರ ಗಮನ ಬೇರೆಡೆ ಹೋಗಿಬಿಡುತ್ತದೆ. ಹೃದ್ರೋಗದ ಹೆಂಗಸರಿಗೆ ಗಂಡಸರಷ್ಟು ತಪಾಸಣೆ, ಚಿಕಿತ್ಸೆ ಸಿಗುತ್ತಿಲ್ಲವೆಂದು ಅಮೆರಿಕದ ಹೃದ್ರೋಗತಜ್ಞೆ ಬರ್ನಡೀನ್ ಹೀಲಿ 1991ರಲ್ಲೇ ಎಚ್ಚರಿಸಿದ್ದರು.

ಮಳೆಗಾಲದ ಜ್ವರವನ್ನೇ ನೋಡಿ. ವಾರ್ಡಿನಲ್ಲಿ ನಾಲ್ಕು ಜನಕ್ಕೆ ಡೆಂಗಿ ಇದ್ದರೆ, ಪ್ಲೇಟ್‌ಲೆಟ್ ಇಳಿದ ಐದನೆಯವರಿಗೂ ಡೆಂಗಿ ಎನ್ನುವುದು ಸುಲಭ. ಸ್ಕ್ರಬ್ ಟೈಫಸ್‌ನಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಪೊದೆ, ಹುಲ್ಲುಗಾವಲಿನ ಸಣ್ಣ ಹುಳು ಕಚ್ಚಿ ಬರುವ ಈ ಜ್ವರದಲ್ಲಿ ಅನೇಕರಿಗೆ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರುತ್ತದೆ. ನೋವಿಲ್ಲದ ಕಾರಣ ರೋಗಿಗೇ ಗೊತ್ತಿರುವುದಿಲ್ಲ. ಇರುವ ಜಾಗವೋ ಕಂಕುಳು, ತೊಡೆಸಂದು, ಮೊಲೆಯ ಕೆಳಗೆ. ಮಂಚದ ಸುತ್ತ ಪರದೆಯಿಲ್ಲದ, ಜೊತೆಗೆ ನಿಲ್ಲಲು ಸಿಸ್ಟರ್ ಇಲ್ಲದ ಕಡೆ ಕೂಲಿಗೆ ಹೋಗುವ ಹೆಂಗಸಿನ ಮೈಯನ್ನು ಯಾರೂ ಪೂರ್ತಿ ನೋಡುವುದಿಲ್ಲ. ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್‌ಗೆ ಬಗ್ಗುವ ಕಾಯಿಲೆ, ತಡವಾದರೆ ಶ್ವಾಸಕೋಶ, ಕಿಡ್ನಿಗಳನ್ನು ಹಿಡಿಯುತ್ತದೆ. ಇಲ್ಲಿ ವೈದ್ಯರ ಆಲೋಚನೆ ತಪ್ಪುವುದಕ್ಕೆ ಒಂದು ಪರದೆಯ ಕೊರತೆಯೂ ಕಾರಣ.

ಹಣೆಪಟ್ಟಿಯ ಕಾಟ ಇನ್ನೊಂದು. ಕೇಸ್ ಶೀಟಿನಲ್ಲಿ ಒಮ್ಮೆ "ಮಾನಸಿಕ ರೋಗಿ" ಎಂದು ಬರೆದರೆ, ಆಮೇಲೆ ಅವರ ಹೊಟ್ಟೆನೋವೂ ಮಾನಸಿಕವೇ ಆಗಿಬಿಡುತ್ತದೆ. ಆ ಎರಡು ಪದ ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ದಾಟುತ್ತ ಹೋಗುತ್ತದೆ, ಅಪೆಂಡಿಕ್ಸ್ ಒಡೆಯುವವರೆಗೂ.

ಪರಿಹಾರವೇನು? "ಪೂರ್ವಗ್ರಹ ಬೇಡ" ಎಂದು ವೈದ್ಯರಿಗೆ ಬುದ್ಧಿ ಹೇಳಿದರೆ ಸಾಲದು. ನಡುರಾತ್ರಿ, ಸರದಿ ಬಾಗಿಲಾಚೆಗೂ ನಿಂತಿರುವಾಗ, ಆ ಬುದ್ಧಿಮಾತು ನೆನಪಿಗೆ ಬರುವುದಿಲ್ಲ. ಅಂದು ಸಿಸ್ಟರ್ ಬೆರಳು ಚುಚ್ಚಿದ್ದು ಅನುಮಾನ ಬಂದು ಅಲ್ಲ. ಪ್ರಜ್ಞೆ ಸರಿಯಿಲ್ಲದ ಯಾರೇ ಬಂದರೂ ಮೊದಲು ಸಕ್ಕರೆ ನೋಡಬೇಕೆಂಬ ನಿಯಮ ನಮ್ಮಲ್ಲಿದೆ. ಎದೆನೋವು ಎಂದವರಿಗೆಲ್ಲ ಬಂದ 10 ನಿಮಿಷದೊಳಗೆ ಇಸಿಜಿ ಎಂಬ ನಿಯಮವೂ ಅಂಥದ್ದೇ. ನಮಗೆ ಯಾರ ಮೇಲೆ ಮನಸ್ಸು ಹರಿಯುವುದಿಲ್ಲವೋ ಅವರನ್ನು ಕಾಯುವುದು ಇಂಥ ನಿಯಮಗಳೇ.

ಉಪಕರಣವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್, ಬಿಳಿಯರಿಗೆ ಹೋಲಿಸಿದರೆ ಕಪ್ಪು ಜನರಲ್ಲಿ ಆಮ್ಲಜನಕದ ಕೊರತೆಯನ್ನು ಸುಮಾರು ಮೂರು ಪಟ್ಟು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತದೆಂದು 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತೋರಿಸಿದರು. ಅಂಕಿ ಚೆನ್ನಾಗಿದ್ದು ರೋಗಿ ಏದುಸಿರು ಬಿಡುತ್ತಿದ್ದರೆ, ನಂಬಬೇಕಾದ್ದು ರೋಗಿಯನ್ನು.

ಓದುಗರು ಮಾಡಬಹುದಾದ್ದೂ ಇದೆ. ಲಕ್ಷಣ ಹೇಳಿ, "ಗ್ಯಾಸ್ಟ್ರಿಕ್ಕು" ಎಂದು ತೀರ್ಪು ಕೊಡಬೇಡಿ. ಹೆಂಡತಿಯ, ತಾಯಿಯ ನೋವನ್ನು ಅವರ ಬಾಯಿಂದಲೇ ಹೇಳಿಸಿ. "ಇದು ಬೇರೆ ಏನಾದರೂ ಇರಬಹುದಾ ಡಾಕ್ಟ್ರೇ? ಯಾವಾಗ ವಾಪಸ್ ಬರಬೇಕು?" ಎಂದು ಸಂಕೋಚವಿಲ್ಲದೆ ಕೇಳಿ. ಆದರೆ ಹೀಗೆ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು ಅವರೇ. ಅವರ ಪರವಾಗಿ ಈ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳುವುದು ವೈದ್ಯರ ಕರ್ತವ್ಯ. ಅದಕ್ಕೆ ಬೇಕಾದ ಸಮಯ, ಸಿಬ್ಬಂದಿ, ಪರದೆ ಒದಗಿಸುವುದು ಆಸ್ಪತ್ರೆ ನಡೆಸುವವರ ಕರ್ತವ್ಯ.