ಕರಿನಾಯಿಯ ಮುಖ

ಶನಿವಾರ ಕರಿನಾಯಿಯನ್ನು ಹುಡುಕಿ ರೊಟ್ಟಿ ಹಾಕುವವರು, ಭೈರವನ ವಾಹನವೆಂದು ಕೈಮುಗಿಯುವವರು ನಮ್ಮಲ್ಲಿ ಉಂಟು. ಆದರೆ ಅದನ್ನು ಮನೆಗೆ ಕರೆತರಲು ಹಲವರಿಗೆ ಮನಸ್ಸು ಬಾರದು. ನಾನು ರಜೆಯಲ್ಲಿ ದುಡಿದ ಪ್ರಾಣಿಗಳ ಆಶ್ರಯಧಾಮದ ಕರಿನಾಯಿಯೊಂದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ನಮ್ಮ ತಾಯಿ, “ಇದಕ್ಕೆ ಮುಖವೇ ಇಲ್ಲವಲ್ಲೋ!” ಎಂದರು. ಅವರು ಅಂದದ್ದು ನಿಜ. ಬಿಸಿಲು ಬಿದ್ದ ಗೋಡೆಯ ಮುಂದೆ ನಿಲ್ಲಿಸಿದರೆ ಕ್ಯಾಮೆರಾ ಗೋಡೆಯ ಬೆಳಕಿಗೆ ಹೊಂದಿಕೊಂಡು ನಾಯಿಯನ್ನು ಮಸಿಯ ಮುದ್ದೆಯಾಗಿಸುತ್ತದೆ. ಸಾಕಲು ಬರುವವರು ಎಷ್ಟೋ ವೇಳೆ ಮೊದಲು ಕಾಣುವುದು ಚಿತ್ರವನ್ನೇ ಅಲ್ಲವೇ? ಮರುದಿನ ಅದನ್ನು ಮರದ ನೆರಳಿಗೆ ತಂದು, ಕೊರಳಿಗೆ ಹಳದಿ ಬಟ್ಟೆ ಕಟ್ಟಿ, ಮುಖವನ್ನು ಬಯಲಿನ ಬೆಳಕಿಗೆ ತಿರುಗಿಸಿ, ನೆಲದಲ್ಲಿ ಕುಳಿತು ತೆಗೆದೆ. ಕಣ್ಣು ಹೊಳೆಯಿತು. ತಾಯಿ ಬಹಳ ಹೊತ್ತು ನೋಡಿ, “ಹೆಸರೇನೋ ಇದರದು?” ಎಂದರು. ಶನಿವಾರ ಮಧ್ಯಾಹ್ನ ಮತ್ತೆ ಹೋಗುವವನಿದ್ದೇನೆ, ಮಿತ್ರರು ಜೊತೆಗೂಡಬಹುದು.