ಗಿನಿಪಿಗ್ ಹೇಳಿದ್ದು, ಮುಂಗಾರು ಒಪ್ಪದ್ದು

1918ರ ಮಹಾ ಫ್ಲೂ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿದ್ದ ಕ್ಯಾಂಪ್ ಕೋಡಿ ಎಂಬ ಸೇನಾ ಶಿಬಿರವನ್ನೂ ಬಿಡಲಿಲ್ಲ. ಸೈನಿಕರು ಹಾಸಿಗೆ ಹಿಡಿದ ಸ್ವಲ್ಪ ದಿನಕ್ಕೇ ಅಲ್ಲಿನ ಪ್ರಯೋಗಾಲಯದ ಗಿನಿಪಿಗ್‌ಗಳೂ ಸಾಯತೊಡಗಿದವು. ಮೇವಿನಲ್ಲಿ ವಿಷ ಸೇರಿರಬೇಕು ಅಂದುಕೊಂಡರು. ಕೊಯ್ದು ನೋಡಿದರೆ ನ್ಯುಮೋನಿಯಾ! 1919ರಲ್ಲಿ ಅಚ್ಚಾದ ಆ ವರದಿಯನ್ನು ಎಷ್ಟೋ ದಶಕಗಳ ನಂತರ ಹೆಕ್ಕಿ ತೆಗೆದವರು ನ್ಯೂಯಾರ್ಕಿನ ಮೌಂಟ್ ಸಿನಾಯ್ ಸಂಸ್ಥೆಯ ಪೀಟರ್ ಪಲೇಸಿ.

ಅವರು ಮತ್ತು ಅನಿಸ್ ಲೋವೆನ್ ತಂಡದವರು 2007ರಲ್ಲಿ ಪ್ರಕಟಿಸಿದ ಪ್ರಬಂಧ ಮೊನ್ನೆ ಕೈಗೆ ಸಿಕ್ಕಿತು. ಕೂತವನು ಮುಗಿಸಿಯೇ ಎದ್ದೆ. ಇಲಿಗಳು ಒಂದಕ್ಕೊಂದು ಫ್ಲೂ ಸರಿಯಾಗಿ ಅಂಟಿಸುವುದಿಲ್ಲ, ಫೆರೆಟ್‌ಗಳನ್ನು ಸಾಕುವುದು ದುಬಾರಿ. ಗಿನಿಪಿಗ್ ಪಾಪದ ಪ್ರಾಣಿ, ಮೇಲಾಗಿ ಅಗ್ಗ. ಉಷ್ಣತೆ, ತೇವಾಂಶ ಎರಡನ್ನೂ ಹಿಡಿತದಲ್ಲಿಟ್ಟ ಪೆಟ್ಟಿಗೆಯೊಳಗೆ ಸೋಂಕಿತ ಪ್ರಾಣಿಯ ಪಂಜರ, ಅದರ ಪಕ್ಕದಲ್ಲೇ ಆರೋಗ್ಯವಂತ ಪ್ರಾಣಿಯದು. ಮುಟ್ಟುವಂತಿಲ್ಲ, ನಡುವೆ ಗಾಳಿ ಮಾತ್ರ. ಆಗಾಗ ಮೂಗು ತೊಳೆದು, ಆ ನೀರಿನಲ್ಲಿ ವೈರಸ್ ಹುಡುಕುತ್ತಿದ್ದರು. 5 ಡಿಗ್ರಿಯಲ್ಲಿ ಸೋಂಕು ಸಲೀಸಾಗಿ ದಾಟಿತು, 30 ಡಿಗ್ರಿಯಲ್ಲಿ ಒಂದಕ್ಕೂ ಇಲ್ಲ. 20 ಡಿಗ್ರಿಯಲ್ಲಿ ಗಾಳಿ ಒಣಗಿದ್ದಾಗ ಜೋರಾಗಿ ಹರಡಿತು. ತೇವಾಂಶ ಶೇ 80ಕ್ಕೇರಿಸಿದಾಗ ನಿಂತೇಹೋಯಿತು. ಚಳಿ ದೇಶಗಳಲ್ಲಿ ಫ್ಲೂ ಚಳಿಗಾಲಕ್ಕೇ ಏಕೆ ಕಾದು ಕೂರುತ್ತದೆ ಎಂಬುದಕ್ಕೆ ಇಷ್ಟು ಅಚ್ಚುಕಟ್ಟಾದ ಸಾಕ್ಷಿ ನಾನು ಓದಿದ್ದು ಕಡಿಮೆ.

ಅಚ್ಚುಕಟ್ಟು ಹೆಚ್ಚಾದರೆ ನನಗೆ ಅನುಮಾನ. ಜುಲೈನಲ್ಲಿ ಮಂಗಳೂರಿಗೆ ಬಂದು ನೋಡಿ: ಗೋಡೆಯೂ ಬೆವರುವ ಕಾಲ, ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದು. ನಮ್ಮ ದೇಶದ ಬಹುಪಾಲು ಕಡೆ ಫ್ಲೂ ಏರುವುದು ಇದೇ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ. ಪುಸ್ತಕದ ಮಾತು ಕೇಳುವುದು ಶ್ರೀನಗರ. ಅಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಕಾಟ.

ಇದಕ್ಕೂ ಒಂದು ಎಳೆ ಕೊಟ್ಟದ್ದು ಅದೇ ಗಿನಿಪಿಗ್. 2008ರಲ್ಲಿ ಅದೇ ತಂಡ ಪ್ರಾಣಿಗಳನ್ನು ಒಂದೇ ಪಂಜರದಲ್ಲಿ ಕೂಡಿಹಾಕಿತು. 30 ಡಿಗ್ರಿಯಲ್ಲೂ ಸೋಂಕು ದಾಟಿತು. ಅಂದರೆ ಸೆಕೆ ತಡೆದದ್ದು ಗಾಳಿಯ ದಾರಿಯನ್ನು ಮಾತ್ರ. ಮಳೆ ಹಿಡಿದ ದಿನ ಕಿಟಕಿ ಮುಚ್ಚಿದ ಬಸ್ಸು, ಕಿಕ್ಕಿರಿದ ತರಗತಿ, ಒಂದೇ ಟವೆಲ್ಲಿನ ಮನೆ ಇವು ವೈರಸ್‌ಗೆ ಬೇರೆ ದಾರಿ ತೆರೆಯುತ್ತಿರಬಹುದು. ಇದು ಊಹೆ, ಉಷ್ಣವಲಯದ ಲೆಕ್ಕ ಇನ್ನೂ ಇತ್ಯರ್ಥವಾಗಿಲ್ಲ. ಮಳೆಯಲ್ಲಿ ನೆಂದರೆ ಫ್ಲೂ ಎನ್ನುವ ಅಜ್ಜಿಯ ಮಾತನ್ನಂತೂ ನಾನು ನಂಬುವುದಿಲ್ಲ, ವೈರಸ್ ಕೊಡಲು ಇನ್ನೊಬ್ಬರು ಬೇಕಲ್ಲ.

ಲಸಿಕೆಯ ವಿಚಾರ ಮಾತ್ರ ಊಹೆಯದಲ್ಲ. 2015ರಲ್ಲಿ ಬಂದ ಭಾರತದ ಊರೂರಿನ ಅಧ್ಯಯನವೊಂದು ಶ್ರೀನಗರಕ್ಕೆ ಸೆಪ್ಟೆಂಬರ್-ಅಕ್ಟೋಬರ್ ಸರಿ, ಉಳಿದ ಬಹುತೇಕ ಕಡೆಗೆ ಏಪ್ರಿಲ್-ಮೇ ಸರಿ ಎಂದಿತು. ಆದರೂ ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಫ್ಲೂ ಲಸಿಕೆಯ ಬೋರ್ಡು ಏಳುವುದು ಮಳೆ ನಿಂತು, ಜನ ಕೆಮ್ಮಿ ಮುಗಿಸಿದ ಮೇಲೆ.